ಅನ್ನಮ್ಮನವರ ಬೆರಳಿನ ಬಿಳುಪು

ಅನ್ನಮ್ಮನವರು ಸಿಕ್ಕಿದ್ದು ಹೆಂಗಸರ ಬಚ್ಚಲುಮನೆಯಲ್ಲಿ, ಬೆಳಗಿನ ಎಂಟು ಗಂಟೆಗೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಚ್ಚಿತ್ತು. ಒಳಗೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಬಲಗಾಲು ಹೊರಕ್ಕೆ ಹೊರಳಿತ್ತು. ಮೈ ಪೂರಾ ತಣ್ಣಗಾಗಿತ್ತು. ಬಲಗೈಯ ಬೆರಳುಗಳಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು.

ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ, 'ತಂಪು ನೆರಳು' ಎಂಬ ವೃದ್ಧಾಶ್ರಮವಿದೆ. ಹದಿನೆಂಟು ಮಂದಿ ಹಿರಿಯರು, ಅವರನ್ನು ನೋಡಿಕೊಳ್ಳಲು ಒಬ್ಬಳೇ ಆಯಾ. ಇಂಥ ಮನೆಗಳನ್ನು ತಪಾಸಣೆ ಮಾಡುವುದು ಯಾದಗಿರಿಯ ನಮ್ಮ ಕಚೇರಿಯ ಕೆಲಸ. ಅಧಿಕಾರಿ ಭಾರತಿ ಮೇಡಂ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ನಾನು ಹಣಮೇಶ, ಗುಮಾಸ್ತ. ಅಧಿಕಾರಿಗಳು ಬರುತ್ತಾರೆ, ಹೋಗುತ್ತಾರೆ. ತಪಾಸಣೆಯ ನಮೂನೆ ತುಂಬುವ ಕೈ ಮಾತ್ರ ಇಪ್ಪತ್ತಾರು ವರ್ಷದಿಂದ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಸುದ್ದಿ ಬಂದೊಡನೆ ಹೊರಟೆವು. ಶಹಾಪುರದಲ್ಲಿ ಚಹಾಕ್ಕೂ ಜೀಪು ನಿಲ್ಲಲಿಲ್ಲ. ಪೊಲೀಸರಿಗಿಂತ ಮೊದಲೇ ನಾವು ಅಲ್ಲಿದ್ದೆವು.

ಬಾಗಿಲಲ್ಲೇ ಆಶ್ರಮದ ವ್ಯವಸ್ಥಾಪಕ ಸಂಗಮನಾಥ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಅಗಲಕ್ಕೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ದಿನಚರಿಯ ದಫ್ತರ.

"ಬರ್ರಿ ಮೇಡಂ, ಬರ್ರಿ. ಎಲ್ಲಾ ಬರದು ಇಟ್ಟೀನಿ. ಡಾಕ್ಟರು ನೋಡಿ ಹೋದ್ರು. ಹಾರ್ಟ್ ನಿಂತೈತಿ ಅಂದ್ರು. ಎಂಬತ್ತರ ಮ್ಯಾಲ ಆಗಿತ್ತು, ಏನ್ ಮಾಡಾಕಾಗ್ತೈತಿ?"

ಭಾರತಿ ಮೇಡಂ ದಫ್ತರ ತೆಗೆದುಕೊಂಡು ಗಟ್ಟಿಯಾಗಿ ಓದಿದರು. "ಆರು ಗಂಟೆ — ಸ್ನಾನ, ಪೂಜೆ. ಏಳು ಗಂಟೆ — ಉಪ್ಪಿಟ್ಟು ಸೇವನೆ, ಆರೋಗ್ಯ ಚೆನ್ನಾಗಿದೆ. ಏಳೂಮುಕ್ಕಾಲು — ಆಯಾ ಇಲ್ಲದಾಗ ಬಚ್ಚಲಿಗೆ ಹೋದರು. ಎಂಟು ಗಂಟೆ — ಮೃತ."

"ಅಷ್ಟ ನೋಡ್ರಿ. ಕಾಲು ತಾಸಿನ್ಯಾಗ ಎಲ್ಲಾ ಮುಗದ ಹೋಗೈತಿ. ಆಯಾ ಸಂಗಾಟ ಹೋಗಬೇಕಿತ್ತು, ಹೋಗಿಲ್ಲ. ಆಕಿನ್ನ ಕೆಲಸದಿಂದ ತಗದೀನಿ. ಪೊಲೀಸ್ರು ಬಂದ ಕೂಡ್ಲೇ ಆಕಿ ಮ್ಯಾಲ ಕೇಸ್ ಕೊಡಾಂವ."

ಆಕೆ, ಅಂದರೆ ಇಮಾಮಬೀ, ಒಳಗಿನ ಪಡಸಾಲೆಯಲ್ಲಿ ಅನ್ನಮ್ಮನವರನ್ನು ತಂದು ಮಲಗಿಸಿದ್ದ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಐವತ್ತು ದಾಟಿದ ಹೆಂಗಸು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಗಂಡನಿಲ್ಲ, ಮಕ್ಕಳಿಲ್ಲ, ಈ ಆಶ್ರಮದ ಅಡುಗೆಮನೆಯ ಮೂಲೆ ಬಿಟ್ಟರೆ ಬೇರೆ ಮನೆಯಿಲ್ಲ. ಇದು ಆಮೇಲೆ ತಿಳಿಯಿತು. ಆಗ ಕಂಡದ್ದು ಅತ್ತು ಬಾತ ಕಣ್ಣು ಮಾತ್ರ.

ಮೇಡಂ ಇಮಾಮಬೀ ಎದುರು ನೆಲದ ಮೇಲೆಯೇ ಕೂತರು.

"ಎಷ್ಟು ವರ್ಷಾತು ಇಲ್ಲಿ?"

"ಹನ್ನೊಂದ್ರಿ."

"ಅನ್ನಮ್ಮ ಆಯಿ ಇವತ್ತ ಎಷ್ಟೊತ್ತಿಗೆ ಎದ್ರು?"

"ಐದಕ್ರಿ. ದಿನಾ ಐದಕ್ಕ ಏಳ್ತಿದ್ರು, ಉಳಿದ ಹೆಂಗಸರು ಬಚ್ಚಲಕ್ಕ ಬರೂದು ಎಂಟರ ಮ್ಯಾಲ. ಜಳಕ, ಆಮ್ಯಾಲ ಲಿಂಗಪೂಜಿ. ಪೂಜಿ ಮುಗಿಯೂತನ ಒಂದು ಗುಟುಕು ನೀರು ಸೈತ ಮುಟ್ಟತಿದ್ದಿಲ್ರಿ. ಐದಕ್ಕ ಬಿಸಿನೀರು ಬಕೀಟಿನ್ಯಾಗ ಇಟ್ಟು ಬಂದೆ. 'ನೀ ಹೋಗವಾ, ಆ ಕಡಿ ಮಂದಿ ಕಾಯಾಕತ್ತಾರ' ಅಂದ್ರು. ಅದ ಕಡೀ ಮಾತ್ರಿ."

"ಆ ಕಡಿ ಅಂದ್ರ?"

"ಗಂಡಸರ ಖೋಲಿ. ಹಾಸಿಗಿ ಹಿಡದಾವ್ರು ನಾಕು ಮಂದಿ ಅದಾರ. ಮಗ್ಗಲಾ ಹೊಳ್ಳಿಸಬೇಕು, ಬಟ್ಟಿ ಬದಲಿ ಮಾಡಬೇಕು. ನಾ ಒಬ್ಬಾಕಿ. ಕಿವಿ ಮಾತ್ರ ಈ ಕಡೀನ ಇರ್ತೈತ್ರಿ. ಬೆಲ್ ಬಂದ್ರ ಓಡತೀನಿ. ಇವತ್ತ ಬೆಲ್ ಬರಲಿಲ್ಲ."

"ಹೊಳ್ಳಿ ಬಂದಾಗ?"

ಇಮಾಮಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. 

"ಆರೂವರಿಗಿ ಬಂದೆ. ಆಯಿ ಖೋಲಿ ಕದ ಮುಚ್ಚಿತ್ತು. ಪೂಜಿಗಿ ಕುಂತಾರ ಅಂದ್ಕೊಂಡೆ. ಲಿಂಗಪೂಜಿಯಾಗ ಅವರನ್ನ ಮಾತಾಡಸಬಾರದ್ರಿ. ನಾ ಮುಸಲ್ಮಾನಾಕಿ. ಆ ಹೊತ್ತಿನ್ಯಾಗ ಹೋಗಿ ಕದ ಹ್ಯಾಂಗ ಬಡೀಲಿ? ಎಂಟರ ತನಕ ಕಾದೆ. ಆಮ್ಯಾಲ ಸುಮ್ಮನ ಕುಂಡ್ರಾಕ ಆಗಲಿಲ್ಲ. ಕದ ತಗದ್ರ ಖೋಲ್ಯಾಗ ಇರಲಿಲ್ಲ, ಬಚ್ಚಲಕ್ಕ ಓಡಿದೆ."

"ನಾಷ್ಟಾ ಕೊಟ್ರೇನು?"

"ಇಲ್ರಿ. ಎಲ್ಲಿ ಕೊಡ್ಲಿ?"

"ಖರೇ ಹೇಳು!" ಎಂದು ಸಂಗಮನಾಥ ಹಿಂದಿನಿಂದ ಗದರಿದ. "ಮೇಡಂ, ಆಯಿ ಕೈ ನೋಡ್ರಿ. ಇಬತ್ತಿ ಹ್ಯಾಂಗ ಮೆತ್ತೈತಿ? ಪೂಜಿ ಮಾಡ್ಯಾರ, ಮುಗಿಸ್ಯಾರ, ಉಪ್ಪಿಟ್ಟು ತಿಂದಾರ. ಈಕಿ ತನ್ನ ತಪ್ಪು ಮುಚ್ಚಾಕ ಕಥಿ ಹೇಳಾಕತ್ತಾಳ."

ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡೆ. ಬೆರಳಲ್ಲಿ ವಿಭೂತಿ ಕಣ್ಣಿಗೆ ಕಾಣುತ್ತಿತ್ತು. ಪೂಜೆ ಆಗಿದ್ದರೆ ಇಮಾಮಬೀ ಹೇಳಿದ್ದು ಸುಳ್ಳು.

"ದಫ್ತರ ಬರದವರು ಯಾರು?" ಎಂದು ಮೇಡಂ ಕೇಳಿದರು.

"ನಾನ ರೀ. ಆಕಿಗೆ ಅಕ್ಷರ ಬರೂದಿಲ್ಲ. ಹೆಬ್ಬಟ್ಟು ಒತ್ತತಾಳ."

ಮೇಡಂ ಎದ್ದರು. ಅನ್ನಮ್ಮನವರ ಮುಖದ ಮೇಲಿನ ಬಟ್ಟೆಯನ್ನು ಸರಿಸಿ ತುಸು ಹೊತ್ತು ನೋಡಿದರು. ಮತ್ತೆ ಮೆಲ್ಲಗೆ ಹೊದಿಸಿದರು. ಆ ಬೆರಳಿನ ಬಿಳಿ ಪುಡಿಯನ್ನು ತಮ್ಮ ಬೆರಳಿಗೆ ಒರೆಸಿಕೊಂಡು ಮೂಸಿದರು. 

ಅನ್ನಮ್ಮನವರ ಖೋಲಿಗೆ ಹೋದೆವು. ಗೂಡಿನಲ್ಲಿ ವಿಭೂತಿ ಗಟ್ಟಿ ಒಣಗಿಕೊಂಡಿತ್ತು. ಪೂಜೆಯ ಮಣೆ ಗೋಡೆಗೆ ಒರಗಿತ್ತು. ಬಟ್ಟಲಲ್ಲಿ ಒಂದು ಹನಿ ನೀರಿರಲಿಲ್ಲ.

ಅಲ್ಲಿಂದ ಬಚ್ಚಲುಮನೆಗೆ. ಮೇಡಂ ಒಳಗೆ ಹೋದರು. ನಾನು ಹೊಸ್ತಿಲಲ್ಲೇ ನಿಂತೆ.

"ಯಾಕ ನಿಂತ್ರಿ?"

"ಹೆಂಗಸರ ಬಚ್ಚಲ ಐತ್ರಿ ಮೇಡಂ."

ಅವರು ನನ್ನನ್ನು ಒಂದು ಥರ ನೋಡಿದರು. "ಒಳಗ ಬರ್ರಿ, ಹಣಮೇಶ."

ಸಣ್ಣ ಬಚ್ಚಲು. ಒಂದು ಬಕೀಟು, ತಣ್ಣಗಾದ ನೀರು. ನೀರು ಬಕೀಟಿನ ತುಂಬ ಇತ್ತು, ಒಂದು ತಂಬಿಗೆಯೂ ಖರ್ಚಾಗಿರಲಿಲ್ಲ. ಸುಣ್ಣ ಬಳಿದ ಗೋಡೆ. ಚಾವಣಿಯ ಸ್ವಿಚ್ಚಿನಿಂದ ಕರೆಗಂಟೆಯ ದಾರ ಇಳಿಬಿದ್ದಿತ್ತು. ಬಿದ್ದವರು ಎಳೆದರೆ ಗಂಡಸರ ಖೋಲಿಯವರೆಗೂ ಗಂಟೆ ಕೇಳಬೇಕು. ಅದು ನಿಯಮ.

"ಆಯಿ ಬಿದ್ದಲ್ಲೇ ಮಲಕೊಳ್ರಿ."

"ಮೇಡಂ?"

"ಮಲಕೊಳ್ರಿ."

ಮಲಗಿದೆ. ಪೌಷದ ಚಳಿ ಹಾಸುಗಲ್ಲಿನಿಂದ ಅಂಗಿಯೊಳಗೆ ಇಳಿಯಿತು. ನಿಂತಿದ್ದಾಗ ಕಾಣದ ಒಂದು ಸಂಗತಿ ಆಗ ಕಣ್ಣೆದುರಿಗೇ ಬಂತು. ಗೋಡೆಯ ಬುಡದಲ್ಲಿ ಗೀರುಗಳಿದ್ದವು. ಬೆರಳಿನ ಗೀರುಗಳು. ಒಂದರ ಮೇಲೆ ಒಂದು, ಹತ್ತಾರು. ನೆಲದಿಂದ ಶುರುವಾಗಿ ಎರಡೂವರೆ ಅಡಿಯವರೆಗೆ ಏರಿ, ಅಲ್ಲಿ ಎಲ್ಲವೂ ನಿಂತುಹೋಗಿದ್ದವು. ದಾರ ಅದಕ್ಕೂ ಮೇಲಿತ್ತು. ಅದರ ತುದಿಯನ್ನು ಸುತ್ತಿ ಗಂಟು ಹಾಕಿ, ಐದಡಿ ಎತ್ತರದ ಮೊಳೆಗೆ ಸಿಕ್ಕಿಸಿದ್ದರು.

"ಕೈ ಎತ್ರಿ. ನಿಲುಕತೈತೇನು?"

ಎತ್ತಿದೆ. ನಿಲುಕಲಿಲ್ಲ. ನನ್ನ ಕೈ ಗೋಡೆಗೆ ತಾಗಿ ಕೆಳಗೆ ಜಾರಿತು. ಬೆರಳು ನೋಡಿಕೊಂಡೆ. ಬೆಳ್ಳಗಾಗಿದ್ದವು.

ಪಡಸಾಲೆಗೆ ಮರಳಿದೆವು. ಮೇಡಂ ನನ್ನ ಕೈಯನ್ನು ಸಂಗಮನಾಥನ ಮುಖದೆದುರು ಹಿಡಿದರು.

"ಇದು ಇಬತ್ತಿ ಏನ್ರಿ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಸುಣ್ಣ. ಆಯಿ ಕೈಯಾಗಿದ್ದೂ ಇದ. ಪೂಜಿ ಮಾಡಿದ್ರ ಇಬತ್ತಿ ಮೊದಲು ಎಲ್ಲಿ ಹತ್ತತೈತಿ? ನಿಮ್ಮ ಹಣಿ ಮ್ಯಾಲ ಮೂರು ಗೆರಿ ಅದಾವ. ಆಯಿ ಹಣಿ ನೋಡೀರೇನು? ಬರಿದು ಐತಿ. ನೀವು ಕೈ ನೋಡಿ ದಫ್ತರ ಬರದ್ರಿ, ಹಣಿ ನೋಡಲಿಲ್ಲ."

"ಮುಖ ತೊಳಕೊಂಡಿರಬೇಕ್ರಿ…"

"ಮುಖ ತೊಳಕೊಂಡ್ರ ಕೈ ಹ್ಯಾಂಗ ಉಳೀತು? ಬಕೀಟಿನ್ಯಾಗ ಇಮಾಮಬೀ ಐದಕ್ಕ ಇಟ್ಟ ನೀರು ಹಂಗ ಐತಿ. ಜಳಕಾನ ಆಗಿಲ್ಲ. ಜಳಕಿಲ್ಲದ ಪೂಜಿ ಇಲ್ಲ. ಪೂಜಿ ಇಲ್ಲದ ಉಪ್ಪಿಟ್ಟು ಇಲ್ಲ. ಇದು ಇಮಾಮಬೀಗೆ ಗೊತ್ತೈತಿ. ಆಕಿ ಸುಳ್ಳು ಬರಸಿದ್ರ, ಏಳಕ್ಕ ಉಪ್ಪಿಟ್ಟು ತಿಂದ್ರು ಅಂತ ಎಂದೂ ಬರಸ್ತಿದ್ದಿಲ್ಲ. ಒಂದು ದಿನಾನೂ ಆಯಿ ಬಾಜೂಕ ಕುಂಡ್ರದಾವ್ರು ಬರದ ಸುಳ್ಳು ಇದು."

ಸಂಗಮನಾಥ ಅಲ್ಲಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಐದು ದಾಟಿದ ಮ್ಯಾಲ ಆಯಿ ಜಾರಿ ಬಿದ್ದಾರ. ಕಾಲು ಹೊರಗ ಹೊರಳೈತಿ. ಸೊಂಟ ಮುರದೈತಿ ಅಂತ ನನಗ ಅನಸ್ತೈತಿ, ಅದನ್ನ ದವಾಖಾನ್ಯಾಗ ನೋಡಸ್ತೀನಿ. ಏಳಾಕ ಆಗಿಲ್ಲ. ಕದಾ ಮುಚ್ಚಿತ್ತು, ಕೂಗಿದ್ರೂ ಕೇಳಿಲ್ಲ. ಈ ಥಂಡಿ ನೆಲದ ಮ್ಯಾಲ ಎಷ್ಟೊತ್ತು ಜೀವ ಹಿಡಕೊಂಡಿದ್ರೋ. ಅಷ್ಟೂ ಹೊತ್ತು ಆ ದಾರಕ್ಕ ಕೈ ಚಾಚ್ಯಾರ. ಅದು ಹೊರಗ ಬಂದ್ರ ನಿಮ್ಮ ಪರವಾನಗಿ ಹೋಗ್ತೈತಿ. ಅದಕ ಕಾಲು ತಾಸಿನ ಸಾವು ಮಾಡಿ, ಈ ಹೆಂಗಸಿನ ಕುತ್ತಿಗಿಗೆ ಕಟ್ಟಿದ್ರಿ."

ಇಮಾಮಬೀ ತಲೆ ಎತ್ತಲಿಲ್ಲ. ತಾನು ಬಚಾವಾದೆ ಎಂಬುದು ಅವರ ಕಿವಿಗೆ ಬಿದ್ದಂತಿರಲಿಲ್ಲ. "ಕದಾ ಬಡೀಬೇಕಿತ್ತು," ಎಂದು ಮಂಚದ ಕಡೆಗೆ ಹೇಳಿಕೊಳ್ಳುತ್ತಿದ್ದರು. "ಬೈಸ್ಕೊಂಡ್ರೂ ಬಡೀಬೇಕಿತ್ತು."

"ದಾರ ಕಟ್ಟಿದವರು ಯಾರು?" ಎಂದರು ಮೇಡಂ.

ಸಂಗಮನಾಥನಿಗೆ ಆಗ ಸಿಟ್ಟು ಬಂತು. "ಸುಣ್ಣ ಹಚ್ಚೋ ಆಳು ಕಟ್ಯಾನ್ರಿ! ಆಷಾಢದಾಗ ನಿಮ್ಮ ಕಚೇರಿಯವ್ರು ತಪಾಸಣೆಗೆ ಬರ್ತಾರಂತ ಸುಣ್ಣ ಹಚ್ಚಿಸಿದ್ವಿ. ದಾರ ಹೊಲಸಾಗಬಾರದಂತ ಮ್ಯಾಲ ಕಟ್ಯಾನ. ಬಿಚ್ಚೂದು ಮರತೈತಿ. ಆದ್ರ ನಿಮ್ಮವ್ರೂ ನೋಡಿ ಹೋಗ್ಯಾರಲ್ಲ? ಬರೋಬ್ಬರ್ ಐತಿ ಅಂತ ಬರದು ಕೊಟ್ಟಾರ!"

ಕಪಾಟಿನಿಂದ ಹಳೆಯ ನಮೂನೆಯನ್ನು ತೆಗೆದು ಮೇಜಿನ ಮೇಲೆ ಎಸೆದ. ಮೇಡಂ ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದರು.

"'ಸ್ನಾನಗೃಹದಲ್ಲಿ ನೆಲಕ್ಕೆ ಬಿದ್ದವರ ಕೈಗೆ ಕರೆಗಂಟೆಯ ದಾರ ಎಟುಕುತ್ತದೆಯೇ? — ಹೌದು. ಪರೀಕ್ಷಿಸಲಾಗಿದೆ.'"

ಮೇಡಂ ನಮೂನೆಯನ್ನು ನನ್ನ ಕಡೆ ತಿರುಗಿಸಿದರು.

"ಈ ಅಕ್ಷರ ನನಗ ಗೊತ್ತೈತಿ, ಹಣಮೇಶ. ದಫ್ತರದ ಸುಳ್ಳು ಇವರದು. ಈ 'ಹೌದು' ನಿಮ್ಮದು. ಆಯಿ ಜೀವ ಹೋಗಿದ್ದು ಇದರಿಂದ."

"ಹೌದ್ರಿ," ಎಂದೆ.

ಎಲ್ಲ ನೆನಪಾಗಿತ್ತು. ಆಗಿನ ಅಧಿಕಾರಿ ಆಶ್ರಮದ ಕಚೇರಿಯಲ್ಲಿ ಶಾಲು ಹೊದಿಸಿಕೊಂಡು ಚಹಾ ಕುಡಿಯುತ್ತಿದ್ದರು. ಜೊತೆಗೆ ಬರಬೇಕಿದ್ದ ನರ್ಸು ರಜೆಯಲ್ಲಿದ್ದಳು. ಹಸಿ ಸುಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾನು ಇದೇ ಹೊಸ್ತಿಲಲ್ಲಿ ನಿಂತೆ. ಹೆಂಗಸರ ಬಚ್ಚಲಿಗೆ ಪರಗಂಡಸು ಕಾಲಿಡಬಾರದು, ಮರ್ಯಾದೆ ಎಂಬುದೊಂದಿದೆ. ಸಂಗಮನಾಥ ಒಳಗೆ ಹೋಗಿ, ನಿಂತುಕೊಂಡೇ ದಾರ ಎಳೆದ. ಗಂಟೆ ಮೊಳಗಿತು. ಹೊರಗೆ ನಿಂತು ಕೇಳಿಸಿಕೊಂಡು, 'ಹೌದು' ಎಂದು ಬರೆದೆ. ಅಂದು ನನ್ನನ್ನು ನಾನು ಸಭ್ಯಸ್ಥ ಎಂದುಕೊಂಡಿದ್ದೆ. 

ಇಮಾಮಬೀ ಆಗ ಮೊದಲ ಸಲ ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ಕರೀಬೇಕಿತ್ತಲ್ರಿ ಸಾಹೇಬ್ರ," ಎಂದರು. "ನಾ ಒಳಗ ಹೋಗಿ ಮಲಕೊಂಡು ನೋಡಿ ಹೇಳ್ತಿದ್ನಿ."

ಪೊಲೀಸರ ಜೀಪು ಅಂಗಳಕ್ಕೆ ಬಂದ ಸದ್ದಾಯಿತು. ಮೇಡಂ ಎರಡೂ ದಾಖಲೆ ತೆಗೆದುಕೊಂಡು ಹೊರಟರು. ಸಂಗಮನಾಥನ ದಫ್ತರ ಕೆಳಗೆ, ನನ್ನ ನಮೂನೆ ಮೇಲೆ. ಬಾಗಿಲಲ್ಲಿ ನಿಂತು, "ದಾರ ಬಿಚ್ಚಿ ಬರ್ರಿ. ಇನ್ನೂ ಹದಿನೇಳು ಮಂದಿ ಅದಾರ," ಎಂದಷ್ಟೇ ಹೇಳಿದರು.

ಬಚ್ಚಲುಮನೆಗೆ ಒಬ್ಬನೇ ಹೋದೆ. ಗೋಡೆಯ ಗೀರುಗಳನ್ನು ಮುಟ್ಟದೆ, ಪಕ್ಕದಿಂದ ಕೈ ಚಾಚಿ ಗಂಟು ಬಿಚ್ಚಿದೆ. ಆರು ತಿಂಗಳಿಂದ ಬಿಗಿದಿದ್ದ ಗಂಟು ಎರಡೇ ಎಳೆತಕ್ಕೆ ಸಡಿಲವಾಯಿತು. ದಾರ ನೆಲದವರೆಗೆ ಇಳಿಯಿತು. ಅನ್ನಮ್ಮನವರು ಬಿದ್ದಲ್ಲಿ ಮತ್ತೆ ಮಲಗಿದೆ. ಈ ಸಲ ಯಾರೂ ಹೇಳಿರಲಿಲ್ಲ. ಕೈ ಚಾಚಿ ಎಳೆದೆ.

ಗಂಟೆ ಮನೆಯ ತುಂಬ ಮೊಳಗಿತು.

ಕೂಡಲೇ ಹೆಜ್ಜೆಯ ಸದ್ದು ಕೇಳಿಸಿತು. ಬರಿಗಾಲಿನ ಓಟ. ನಾನು ಹತ್ತು ಎಣಿಸುವಷ್ಟರಲ್ಲಿ ಕದ ತೆರೆಯಿತು. ಇಮಾಮಬೀ ಏದುಸಿರು ಬಿಡುತ್ತ ನಿಂತಿದ್ದರು, ಎತ್ತಿಕೊಳ್ಳಲು ಎರಡೂ ಕೈ ಮುಂದೆ ಚಾಚಿ.

"ಬಂದೆ ಆಯಿ," ಎಂದರು. ಆಮೇಲೆ ನನ್ನನ್ನು ನೋಡಿದರು.