ಎಂಟುನೂರು ವರ್ಷದ ನೀರು

"ಬಾಗಿಲು ಹಾಕ್ರೀ!"

ಮೈನಸ್ ಇಪ್ಪತ್ತೈದು ಡಿಗ್ರಿಯ ಕೋಲ್ಡ್ ರೂಮಿನ ಬಾಗಿಲು ಗೇಣಗಲ ತೆರೆದಿತ್ತು. ಒಳಗೆ ತೆಳು ಸ್ವೆಟರಿನ ಮನುಷ್ಯನೊಬ್ಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಪೆಟ್ಟಿಗೆಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ.

"ಯಾವ ಕಡೆಯಿಂದ ಹಾಕ್ಲಿ ಮೇಡಂ? ನಾನಿನ್ನೂ ಒಳಗಿದ್ದೀನಿ."

"ಹೊರಗೆ ಬಂದು ಹಾಕ್ರಿ! ಇಲ್ಲಿ ನಿದ್ದೆ ಮಾಡೋಕೆ ನಿಮ್ಮನ್ನ ಬಿಟ್ಟೋರು ಯಾರು?"

"ನಿದ್ದೆ ಅಲ್ಲ. ನಿಮ್ಮ ಮಷೀನ್ ಮಾತಾಡ್ತಿದೆ. ನೀವು ಸ್ವಲ್ಪ ಸುಮ್ಮನಿದ್ರೆ ಪೂರ್ತಿ ಕೇಳಿಸುತ್ತೆ."

ಸುಮ್ಮನಿರಿ ಎಂದು ಅವಳಿಗೆ ಆ ಸಂಸ್ಥೆಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಹೊಸ ಮೆಕ್ಯಾನಿಕ್ ಎಂದು ಸಂಜೆಗೆ ತಿಳಿಯಿತು. ಬೆಳಿಗ್ಗೆ ಬಂದ ಸಿಟ್ಟು ಸಂಜೆಗೆ ನಗುವಾಗಿತ್ತು.

ಅವಳು ಹವಾಮಾನ ವಿಜ್ಞಾನಿ. ಹದಿನೇಳು ವರ್ಷದಿಂದ ಒಂದೇ ಕೆಲಸ. ಧ್ರುವದ ಹತ್ತಿರದ ಒಂದು ದ್ವೀಪದ ನೆತ್ತಿಯಿಂದ ಕೊರೆದು ತಂದ ಹಿಮದ ಕಂಬಗಳನ್ನು ಸೀಳಿ, ಪದರ ಪದರವಾಗಿ ಓದಿ, ಎಂಟುನೂರು ವರ್ಷಗಳಲ್ಲಿ ಭೂಮಿಯ ಹವೆ ತಾನಾಗಿ ಎಷ್ಟು ಏರಿಳಿಯಿತು, ಮನುಷ್ಯ ಸೇರಿಸಿದ ಬಿಸಿ ಎಷ್ಟು ಎಂದು ಬಿಡಿಸುವುದು. ಮೂರನೆಯ ಸಲ ಹೋದಾಗ ಅದೇ ನೆತ್ತಿಯ ಮೇಲೆ ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಕರಗಿದ ನೀರು ಒಳಗಿಳಿದು ಕೆಳಗಿನ ಪದರಗಳೆಲ್ಲ ಕಲಸಿಹೋಗಿದ್ದವು. ಇನ್ನು ಅಲ್ಲಿ ಕೊರೆದರೆ ಓದಲು ಏನೂ ಸಿಗುವಂತಿರಲಿಲ್ಲ. ಲೋಕದಲ್ಲಿ ಆ ಹಿಮ ಉಳಿದದ್ದು ಈ ಕೋಣೆಯ ನೂರ ಹನ್ನೆರಡು ಪೆಟ್ಟಿಗೆಗಳಲ್ಲಿ ಮಾತ್ರ.

ಈ ನಡುವೆ ಅವಳಿಗೆ ಮದುವೆಯಾಗಿ ಮೂರೇ ವರ್ಷಕ್ಕೆ ಮುರಿದಿತ್ತು. "ಮನೆಗೆ ಬಂದಾಗ್ಲೂ ಚಳಿ ತರ್ತೀಯ" ಎಂದು ಹೇಳಿ ಹೋದವನ ಮೇಲೆ ಈಗ ಸಿಟ್ಟೂ ಉಳಿದಿರಲಿಲ್ಲ. ವಯಸ್ಸು ನಲವತ್ತಮೂರು.

ಮೆಕ್ಯಾನಿಕನನ್ನು ಸಂಸ್ಥೆಯಲ್ಲಿ ಎಲ್ಲರೂ 'ಕೂಲಿಂಗಣ್ಣ' ಎನ್ನುತ್ತಿದ್ದರು. ಅವಳಿಗೆ ಮಾತ್ರ ಆ 'ಅಣ್ಣ' ಬಾಯಿಗೆ ಬರಲಿಲ್ಲ. ಮನೆಯಲ್ಲಿ ಅವನ ಮಾತು ಬಂದು "ಯಾಕೇ ಪುಟ್ಟಿ?" ಎಂದು ಅಕ್ಕ ಕೇಳಿದಾಗ ಕಿವಿ ಬಿಸಿಯಾಯಿತು. ಅಕ್ಕ ಮತ್ತೆ ಕೇಳಲಿಲ್ಲ. ತುಟಿಯಂಚಿನಲ್ಲೇ ನಕ್ಕು ಒಳಗೆ ಹೋದಳು.

ಮಂಗಳವಾರ ಅವನು ಯಂತ್ರ ನೋಡುವ ದಿನ. ಮಂಗಳವಾರಗಳಲ್ಲಿ ಅವಳಿಗೂ ಕೋಲ್ಡ್ ರೂಮಿನಲ್ಲೇ ಕೆಲಸ ಬೀಳತೊಡಗಿತು. ದಪ್ಪ ಜಾಕೆಟ್ಟು, ಟೋಪಿ, ಮೂಗಿನವರೆಗೆ ಮಫ್ಲರ್. ಕಾಣುತ್ತಿದ್ದುದು ಕಣ್ಣುಗಳು ಮಾತ್ರ. ಕಣ್ಣಷ್ಟೇ ಕಾಣುವಾಗ ಮನುಷ್ಯ ಬಚ್ಚಿಡುವುದಾದರೂ ಏನನ್ನು? ಅವನ ರೆಪ್ಪೆಯ ಮೇಲೆ ಉಸಿರು ಹೆಪ್ಪುಗಟ್ಟಿ ಬೆಳ್ಳಗೆ ಕೂರುತ್ತಿತ್ತು. ಅವಳು ಅದನ್ನೇ ನೋಡುತ್ತಾ ಗರಗಸ ತಪ್ಪಿದ್ದೂ ಉಂಟು.

"ಬೆರಳು ಹುಷಾರು ಮೇಡಂ. ಅದಕ್ಕೆ ಸ್ಪೇರ್ ಪಾರ್ಟ್ ಸಿಗಲ್ಲ."

ಒಂದು ದಿನ ಅವಳು ಬಿಸಾಡುವ ಹಿಮದ ಚೂರೊಂದನ್ನು ಹೊರಗೆ ತಂದು ಲೋಟದ ನೀರಿಗೆ ಹಾಕಿ ಅವನ ಕಿವಿಯ ಬಳಿ ಹಿಡಿದಳು. ಚಟಪಟ, ಚಟಪಟ.

"ಏನಿದು?"

"ಹಳೇ ಗಾಳಿ. ನಮ್ಮ ಮುತ್ತಾತನ ಮುತ್ತಾತ ಹುಟ್ಟೋ ಮೊದಲು ಸಿಕ್ಕಿಬಿದ್ದದ್ದು. ಈಗ ಬಿಡುಗಡೆ ಆಗ್ತಿದೆ."

ಅವನು ಬಹಳ ಹೊತ್ತು ಲೋಟದಿಂದ ಕಿವಿ ತೆಗೆಯಲಿಲ್ಲ. ಲೋಟ ಹಿಡಿದ ಅವಳ ಕೈಯ ಮೇಲೆ ಅವನ ಕೈ ಇತ್ತು. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರಂತೆ ನಿಂತಿದ್ದರು.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಮಧ್ಯಾಹ್ನ ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಎರಡು ಕಂಪ್ರೆಸರುಗಳಲ್ಲಿ ಒಂದು ಆಗಲೇ ಸತ್ತಿತ್ತು, ಬದಲಿ ಬಂದಿರಲಿಲ್ಲ. ಇನ್ನೊಂದರ ಸದ್ದು ಕೇಳಿದ ಮೆಕ್ಯಾನಿಕ್ ನೇರ ಅವಳ ಮೇಜಿನ ಮುಂದೆ ಬಂದು ನಿಂತ.

"ಬೇರಿಂಗ್ ಹೋಗ್ತಿದೆ. ಎರಡು ದಿನ ನಿಲ್ಲಿಸಿ ಬಿಚ್ಬೇಕು. ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಲ್ಲಿ ನನ್ನ ಸ್ನೇಹಿತ ಇದ್ದಾನೆ, ಅಲ್ಲಿವರೆಗೆ ಪೆಟ್ಟಿಗೆ ಅಲ್ಲಿಡೋಣ. ಜಾಗ ಕೇಳಿಟ್ಟಿದ್ದೀನಿ."

"ಈಗ ಆಗಲ್ಲ. ಕೊನೇ ನಲವತ್ತು ಕಂಬ ಸೀಳೋದು ಬಾಕಿ ಇದೆ. ರಿಪೋರ್ಟ್ ಕೊಡೋಕೆ ಹತ್ತೇ ದಿನ."

"ನಿಮ್ಮ ರಿಪೋರ್ಟಿನ ತಾರೀಖು ಮಷೀನಿಗೆ ಗೊತ್ತಿಲ್ಲ."

"ಹತ್ತು ದಿನ," ಎಂದಳು. ಎಂದು, ನಕ್ಕಳು. ತಲೆ ಒಂದಿಷ್ಟು ವಾಲಿಸಿ, ಮಫ್ಲರಿಲ್ಲದ ಮುಖದಿಂದ, ಅವನೊಬ್ಬನಿಗೇ ಎಂಬಂತೆ. "ನಂಗೋಸ್ಕರ."

ಅವನು ಸೋತ. ನಿಯಮದ ಪ್ರಕಾರ ದಾಖಲೆ ಪುಸ್ತಕದಲ್ಲಿ ಬರೆಯಬೇಕಿದ್ದುದನ್ನು ಬರೆಯಲಿಲ್ಲ. ಬರೆದಿದ್ದರೆ ಅಂದೇ ಕೋಣೆ ಮುಚ್ಚಬೇಕಾಗುತ್ತಿತ್ತು.

ಏಳನೆಯ ದಿನ, ಶನಿವಾರ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ ಕಂಪ್ರೆಸರ್ ಬಿಗಿದು ನಿಂತಿತು. ಜೊತೆಗೆ ಅಲಾರಂ ಬೋರ್ಡೂ ಸುಟ್ಟಿತು. ಫ್ಯಾನಿಗೆ ಕಟ್ಟುವ ಮಂಜು ಕರಗಿಸುವ ಹೀಟರ್ ಮಾತ್ರ ಉರಿಯುತ್ತಲೇ ಇತ್ತು. ಮರುದಿನ ಮಧ್ಯಾಹ್ನ, ರಜೆಯಾದರೂ ಒಮ್ಮೆ ನೋಡಿ ಹೋಗೋಣ ಎಂದು ಬಂದವನು ಮೆಕ್ಯಾನಿಕ್ ಒಬ್ಬನೇ.

ಅವಳು ಅಕ್ಕನ ಮನೆಯಲ್ಲಿ ಊಟ ಮಾಡಿ ಮಲಗಿದ್ದಳು. ಫೋನ್ ಪಕ್ಕದ ಕೋಣೆಯಲ್ಲಿ ಹನ್ನೊಂದು ಸಲ ಬಡಿದುಕೊಂಡಿತ್ತು. ನಾಲ್ಕು ಗಂಟೆಗೆ ಓಡಿ ಬಂದಾಗ ಕಾರಿಡಾರಿನಲ್ಲೇ ಪಾದ ಒದ್ದೆಯಾಯಿತು.

ನೀರು ಅಷ್ಟು ತಿಳಿಯಾಗಿತ್ತು! ನೆಲದ ಟೈಲ್ಸಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಅವಳು ಹದಿನೇಳು ವರ್ಷ ಓದಿದ ಬರಗಾಲಗಳು, ಜ್ವಾಲಾಮುಖಿಯ ಬೂದಿ, ಅಷ್ಟೂ ಚಳಿಗಾಲಗಳು ಅವಸರವಿಲ್ಲದೆ ಮೂಲೆಯ ಚರಂಡಿಯ ಕಂಡಿಯತ್ತ ಹರಿಯುತ್ತಿದ್ದವು. ಮುಟ್ಟಿದರೆ ಚರ್ಮ ಸುಡುವಷ್ಟು ತಣ್ಣನೆಯ ಡ್ರೈ ಐಸನ್ನು ಮೆಕ್ಯಾನಿಕ್ ಗ್ಲೋವ್ಸ್ ಇಲ್ಲದ ಕೈಯಲ್ಲೇ ತುಂಬಿ ಮೂವತ್ತೊಂದು ಪೆಟ್ಟಿಗೆ ಉಳಿಸಿದ್ದ. ಈಗ ಮಂಡಿಯೂರಿ ನೆಲದ ನೀರನ್ನು ಬಾಟಲಿಗೆ ತುಂಬುತ್ತಿದ್ದ.

"ನೀರಾದ್ರೂ ಉಪಯೋಗಕ್ಕೆ ಬರುತ್ತಾ ಮೇಡಂ?"

"ಇಲ್ಲ. ಎಲ್ಲಾ ವರ್ಷ ಕಲೆತುಹೋಯ್ತು."

ಆದರೂ ಅವನು ತುಂಬುವುದನ್ನು ನಿಲ್ಲಿಸಲಿಲ್ಲ.

ವಿಚಾರಣೆಗೆ ಮೂವರು ಕೂತರು. ಅವನ ಎರಡೂ ಕೈಗೆ ಬ್ಯಾಂಡೇಜಿತ್ತು. "ಸದ್ದು ಕೆಟ್ಟಿದ್ದು ಮೊದಲೇ ಗೊತ್ತಾಗಿತ್ತಾ?" ಎಂದು ನಿರ್ದೇಶಕರು ಕೇಳಿದರು.

"ಇಲ್ಲ ಸಾರ್. ನನ್ನ ತಪ್ಪು. ಗಮನಿಸ್ಲಿಲ್ಲ."

"ಮೇಡಂ, ನೀವೇನಾದ್ರೂ ಹೇಳೋದಿದ್ಯಾ?"

ಅವಳು ಮೇಜಿನ ಮರದ ಗೆರೆಗಳನ್ನು ನೋಡಿದಳು. "ಇಲ್ಲ," ಎಂದಳು.

ಅವನು ಅವಳತ್ತ ತಿರುಗಲೂ ಇಲ್ಲ. ಅಂದೇ ಅವನ ಕೆಲಸ ಹೋಯಿತು.

ಒಂಬತ್ತು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಹತ್ತನೆಯ ಬೆಳಿಗ್ಗೆ ಅಕ್ಕ ಬಂದು ಮಂಚದ ಅಂಚಿಗೆ ಕೂತಳು.

"ಹಿಮ ಹೋಗಿದ್ದಕ್ಕೆ ಆಗಿದ್ರೆ ನೀನು ಮೊದಲ ದಿನವೇ ಅತ್ತು ಮುಗಿಸ್ತಿದ್ದೆ ಪುಟ್ಟಿ. ಇದು ಬೇರೆ. ಏನು ಮಾಡ್ಕೊಂಡೆ, ಹೇಳು."

ಹೇಳಿದಳು. ನಕ್ಕದ್ದನ್ನೂ ಹೇಳಿದಳು.

ಅಕ್ಕ ಬೈಯಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು. ನೀನು ಪಕ್ಕದಲ್ಲಿ ನಿಂತು ನೋಡ್ದೆ," ಎಂದಷ್ಟೇ ಹೇಳಿ, ಕಪಾಟಿನಿಂದ ಇಸ್ತ್ರಿ ಮಾಡಿದ ಬಟ್ಟೆ ತೆಗೆದು ಮಂಚದ ಮೇಲಿಟ್ಟಳು.

ಅವಳು ನಡೆದದ್ದನ್ನೆಲ್ಲ ಬರೆದುಕೊಟ್ಟ ಪತ್ರವನ್ನು ನಿರ್ದೇಶಕರು ಎರಡು ಸಲ ಓದಿದರು. "ಮುಗಿದುಹೋದ ವಿಷಯ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ? ಅವನೇ ಒಪ್ಕೊಂಡಿದ್ದಾನಲ್ಲ."

"ಅವರು ಸುಳ್ಳು ಹೇಳಿದ್ರು ಸಾರ್. ನಾನು ಬಾಯಿ ಬಿಡದೆ ಸುಳ್ಳು ಹೇಳ್ದೆ."

ಬೆಲೆ ಕೂಡಲೇ ತೆರಬೇಕಾಯಿತು. ಯೋಜನೆ ಅವಳ ಕೈತಪ್ಪಿತು. ಉಳಿದ ಮೂವತ್ತೊಂದು ಪೆಟ್ಟಿಗೆಗಳು ಬೇರೆ ಸಂಸ್ಥೆಗೆ ಹೋದವು. ಲಾರಿಗೆ ಏರಿಸುವಾಗ ಅವಳೇ ನಿಂತು ಎಣಿಸಿಕೊಟ್ಟಳು. ಇನ್ನು ಅವಳ ಪಾಲಿಗೆ ಮೊದಲ ವರ್ಷದ ವಿದ್ಯಾರ್ಥಿಗಳ ಪಾಠ. ಮೆಕ್ಯಾನಿಕನನ್ನು ವಾಪಸ್ ಕರೆದರು. ಅವನು ಬರಲಿಲ್ಲ.

ಬಂದರಿನಲ್ಲಿ, ಸ್ನೇಹಿತನಿದ್ದ ಆ ಮೀನಿನ ಕೋಲ್ಡ್ ಸ್ಟೋರೇಜಿನ ಹಿಂಬಾಗಿಲಲ್ಲಿ ಅವನು ಸಿಕ್ಕಿದ. ರಬ್ಬರ್ ಬೂಟು, ಏಪ್ರನ್ನಿನ ತುಂಬ ಮೀನಿನ ಹುರುಪೆ. ಅವಳನ್ನು ನೋಡಿ ಕೈಯಲ್ಲಿದ್ದ ಸ್ಪ್ಯಾನರನ್ನು ಎಡಗೈಗೆ ಬದಲಾಯಿಸಿದ.

"ಪತ್ರದ ವಿಷಯ ಕೇಳ್ದೆ. ಬೇಕಿರ್ಲಿಲ್ಲ."

"ಬೇಕಿತ್ತು. ಹತ್ತು ದಿನ ತಡವಾಯ್ತು. ತಪ್ಪಾಯ್ತು."

"ಸುಳ್ಳು ನಾನೇ ಹೇಳಿದ್ದು, ನೀವು ಹೇಳಿಸಿದ್ದಲ್ಲ. ಅದಕ್ಕೆ ಬೇಜಾರಿಲ್ಲ." ಅವನ ಧ್ವನಿ ಗಡುಸಾಯಿತು. "ಒಂದೇ ಒಂದು ಕೇಳ್ಬೇಕಿತ್ತು. ಅವತ್ತು ನೀವು ನಕ್ಕಿದ್ದು, ಕೆಲಸ ಆಗ್ಲಿ ಅಂತಾನಾ?"

ಸಿಹಿಯಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿದಳು.

"ಹೌದು. ನೀವು ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು. ಅದನ್ನ ಬಳಸ್ಕೊಂಡೆ. ಆದ್ರೆ ಹಾಗೆ ನಗೋಕೆ ನಂಗೆ ಬೇರೆ ಯಾರ ಮುಂದೂ ಬರಲ್ಲ. ಎರಡೂ ನಿಜ. ಒಂದನ್ನೇ ಹೇಳಿದ್ರೆ ಮತ್ತೆ ಸುಳ್ಳಾಗುತ್ತೆ."

ಒಳಗೆ ಯಾರೋ ಟ್ರೇಗಳನ್ನು ದಡದಡ ಎಳೆದರು. ಅವನು ಸಮುದ್ರದ ಕಡೆ ನೋಡಿದ.

"ಕೇಳೋಕೆ ಚೆನ್ನಾಗಿಲ್ಲ."

"ಗೊತ್ತು."

"ಆದ್ರೂ ಬಂದು ಹೇಳಿದ್ರಲ್ಲ."

ಅವಳು ಅವನ ಬಲಗೈ ಹಿಡಿದಳು. ಮೂರು ಬೆರಳಿನ ತುದಿ ಮೇಣದ ಹಾಗೆ ಬಿಳಿಚಿತ್ತು.

"ಹಿಡ್ಕೊಂಡಿದ್ದು ಗೊತ್ತಾಗ್ತಿದ್ಯಾ?"

"ಇಲ್ಲ. ಇನ್ನು ಗೊತ್ತಾಗಲ್ವಂತೆ. ನಟ್ಟು ಬೋಲ್ಟೂ ಕಣ್ಣಲ್ಲಿ ನೋಡ್ಕೊಂಡೇ ಹಾಕ್ತೀನಿ."

ಅವಳ ಕಣ್ಣು ತುಂಬಿತು, ಹಿಮ ಕರಗಿದಂದಿನಿಂದ ಮೊದಲ ಸಲ. ಹಿಡಿತವನ್ನು ಮೇಲೆ ಸರಿಸಿ ಮಣಿಕಟ್ಟು ಹಿಡಿದಳು. "ಇಲ್ಲಿ?"

ಅವಳ ಬೆರಳಡಿಯಲ್ಲಿ ಅವನ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಇಲ್ಲಿ ಗೊತ್ತಾಗುತ್ತೆ," ಎಂದ. ಒಳಗಿನಿಂದ ಯಾರೋ ಅವನನ್ನು ಕರೆದರು. "ಐದಕ್ಕೆ ನನ್ನ ಶಿಫ್ಟ್ ಮುಗಿಯುತ್ತೆ. ಇಲ್ಲಿ ಮೀನಿನ ವಾಸನೆ ಬೇರೆ. ಇರ್ತೀಯಾ?"

ಅವನು ಮೇಡಂ ಅನ್ನಲಿಲ್ಲ ಎಂಬುದು ಅವಳಿಗೆ ಕ್ಷಣ ತಡವಾಗಿ ಹೊಳೆಯಿತು.

"ಇರ್ತೀನಿ, ಹೋಗು," ಎಂದಳು. ಮಗುಚಿಟ್ಟ ಮೀನಿನ ಕ್ರೇಟೊಂದನ್ನು ಗೋಡೆಯ ನೆರಳಿಗೆ ಎಳೆದುಕೊಂಡು, ಸೀರೆಯ ಸೆರಗು ಒದ್ದೆಯಾಗದಂತೆ ಮಡಿಲಿಗೆ ಸುತ್ತಿಕೊಂಡು ಕೂತಳು.