ನಾಲ್ಕನೇ ಪುಟದ ಐದು ಸಾಲು

ಕುರ್ಚಿ ಮೇಜು ವಿನ್ಯಾಸ ಕಲಿಸುವ ಕಾಲೇಜೊಂದರ ಅರ್ಜಿಯ ಮೂರು ಪುಟ ತುಂಬಿಸಿಕೊಂಡು ಬಂದಿದ್ದ ಮನುಷ್ಯ, ನಾಲ್ಕನೇ ಪುಟದ ಮುಂದೆ ಪೆನ್ನು ಹಿಡಿದು ಕೂತು ಅರ್ಧ ಗಂಟೆಯಾಗಿತ್ತು. ಒಂದಕ್ಷರ ಇಳಿದಿರಲಿಲ್ಲ. ಲೈಬ್ರರಿ ಮೇಡಂ ಕೌಂಟರಿನ ಆಚೆಯಿಂದ ಮೂರು ಸಲ ನೋಡಿದಳು. ನಾಲ್ಕನೇ ಸಲ ತಡೆಯಲಾಗದೆ ಎದ್ದೇ ಬಂದಳು.

“ಏನು ಮೌನಿಗಳೇ, ಪೇಪರಿನ ಮುಂದೆಯೂ ಮೌನವ್ರತಾನಾ?”

ಲೈಬ್ರರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಮೌನಿ ಎಂದು. ಭಾವನ ಕಾರ್ಖಾನೆಯಲ್ಲಿ ಕುರ್ಚಿ ಮೇಜು ಮಾಡುವ ಬಡಗಿ. ಮೂರು ವರ್ಷದಿಂದ ಶನಿವಾರ ಮಧ್ಯಾಹ್ನವಾದರೆ ಸಾಕು, ಕೈಗಂಟಿದ ಪಾಲಿಶ್ ತೊಳೆದುಕೊಂಡು ಮಹಡಿಯ ಹಾಲಿಗೆ ಹಾಜರ್. ಅಲ್ಲಿ ಚೆಸ್, ಚರ್ಚೆ, ಹಾಡು, ನಾಟಕ, ಕಣ್ಣು ಕಾಣದವರಿಗೆ ಓದಿ ಹೇಳುವುದು, ಹೀಗೆ ಐದು ಕೂಟಗಳು ನಡೆಯುತ್ತಿದ್ದವು. ಐದಕ್ಕೂ ಸೇರಿದ್ದ ಪುಣ್ಯಾತ್ಮ ಇವನೊಬ್ಬನೇ.

“ಇದೊಂದು ಪುಟ ಆಗ್ತಿಲ್ಲ ಮೇಡಂ,” ಎಂದ ಅವನು. “ಪಠ್ಯೇತರ ಚಟುವಟಿಕೆ ಅಂತೆ. ಯಾವ ಕೂಟ, ಎಷ್ಟು ದಿನ, ಏನು ಮಾಡಿದ್ರಿ, ಯಾಕೆ ಸೇರಿದ್ರಿ. ನೂರಕ್ಕೆ ಇಪ್ಪತ್ತು ಅಂಕ ಇದಕ್ಕೇ. ಕೊನೇಲಿ ನಿಮ್ಮ ಸಹಿ ಬೇಕಂತೆ.”

“ಕೊರಿಯರ್‌ನವರು ಎಷ್ಟಕ್ಕೆ ಬಾಗಿಲು ಹಾಕ್ತಾರೆ?”

“ಐದಕ್ಕೆ. ಕಳಿಸೋಕೆ ಇವತ್ತೇ ಕೊನೇ ದಿನ.”

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಇಂಥ ಕೆಲಸದಲ್ಲಿ ಅವಳದು ಎತ್ತಿದ ಕೈ. ಪ್ರತಿ ವರ್ಷ ಕಾಲೇಜಿಗೆ ಹೊರಟವರೆಲ್ಲ ಅವಳ ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಬೆಂಚು ಎತ್ತಿಟ್ಟವನನ್ನು ಕಾರ್ಯಕ್ರಮದ ವ್ಯವಸ್ಥಾಪಕ ಮಾಡಿಬಿಡುವ ಹೆಂಗಸು ಅವಳು. ಕೇಳಿದರೆ, ಇದು ಸುಳ್ಳಲ್ಲ ರೀ, ಇರೋದನ್ನ ಒರೆಸಿ ಮುಂದಿಡೋದು ಅನ್ನುತ್ತಿದ್ದಳು.

“ಹೇಳಿ. ಚೆಸ್‌ನಲ್ಲಿ ಏನು ಮಾಡಿದ್ರಿ?”

“ಸೋತೆ.”

“ಯಾರ ಹತ್ರ?”

“ಎಲ್ಲರ ಹತ್ರಾನೂ.”

“ಹಾಡಿನ ತಂಡದಲ್ಲಿ?”

“ಬಾಯಿ ಆಡಿಸ್ತಿದ್ದೆ. ಧ್ವನಿ ಬೇಡ ಅಂದಿದ್ರು.”

ಮೇಡಂಗೆ ನಗು ಉಕ್ಕಿತು. ಅವನೂ ನಕ್ಕ. ನಕ್ಕಾಗ ಅವನ ಎಡಗೆನ್ನೆ ಮಾತ್ರ ಸ್ವಲ್ಪ ಮೇಲೇಳುತ್ತಿತ್ತು. ಅದನ್ನು ಅವಳು ಮೂರು ವರ್ಷದಿಂದ ಗಮನಿಸಿಯೂ ಗಮನಿಸದ ಹಾಗೆ ಇದ್ದಳು.

ತಾರೀಖು ಹಾಕಲು ಹಾಜರಿ ಪುಸ್ತಕ ತೆಗೆದಾಗಲೇ ಎಡವಟ್ಟಾದದ್ದು. ಚೆಸ್: ಜೂನ್‌ನಿಂದ ಜನವರಿ. ಚರ್ಚಾಕೂಟ: ಫೆಬ್ರವರಿಯಿಂದ ಆಗಸ್ಟ್. ಅವಳ ಬೆರಳು ಅಲ್ಲೇ ನಿಂತಿತು. ಯಾವ ಕೂಟ ಯಾರು ನೋಡಿಕೊಳ್ಳಬೇಕೆಂದು ಮೇಲಿನವರು ಏಳೆಂಟು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರು. ಜನವರಿಯಲ್ಲಿ ಅವಳು ಚೆಸ್ ಬಿಟ್ಟಿದ್ದಳು. ಫೆಬ್ರವರಿಯಲ್ಲಿ ಚರ್ಚಾಕೂಟ ಅವಳ ಪಾಲಿಗೆ ಬಂದಿತ್ತು. ಹಾಡು, ನಾಟಕ, ಓದು, ಒಂದೊಂದೂ ಹಾಗೆಯೇ. ಮೂರು ವರ್ಷದಲ್ಲಿ ಅವನು ತಪ್ಪಿಸಿದ್ದು ಎರಡೇ ಶನಿವಾರ. ಎರಡೂ ದಿನ ಅವಳು ರಜೆ ಹಾಕಿದ್ದಳು.

ಪುಸ್ತಕ ಮುಚ್ಚಿದಳು, ಮತ್ತೆ ತೆರೆದಳು.

“ಯಾಕೆ ಸೇರಿದ್ರಿ ಅನ್ನೋ ಕಾಲಂ ಖಾಲಿ ಬಿಟ್ಟಿದ್ದೀರಲ್ಲ,” ಎಂದಳು, ತಲೆ ಎತ್ತದೆ.

“ಅದನ್ನ ಬರೆಯೋಕಾಗಲ್ಲ.”

“ಯಾಕಾಗಲ್ಲ?”

“ಐದಕ್ಕೂ ಒಂದೇ ಉತ್ತರ ಮೇಡಂ.”

ಅವನು ಅವಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ಕದ್ದು ನೋಡುತ್ತಿದ್ದವನು ಇವತ್ತು ಕಣ್ಣು ತೆಗೆಯಲಿಲ್ಲ. ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು, ಕೈ ಮಾತ್ರ ತಣ್ಣಗಿತ್ತು. ಈ ಮಾತಿಗಾಗಿ ಎಷ್ಟು ಶನಿವಾರ ಕಾದಿದ್ದಳು! ಬಂದದ್ದು ನೋಡಿ, ಎಂಥ ಹೊತ್ತಿನಲ್ಲಿ ಬಂತು.

“ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ?” ಗದರಿಸಲು ಹೋದಳು. ದನಿ ಕೈಕೊಟ್ಟಿತು.

“ಹೇಳೋಕೆ ಧೈರ್ಯ ಸಾಲ್ತಿರಲಿಲ್ಲ. ಈಗ್ಲೂ ಹೇಳ್ತಿರಲಿಲ್ಲ, ಈ ಫಾರ್ಮ್ ಕೇಳಿಬಿಡ್ತು.” ಅವನು ಪುಟವನ್ನು ತನ್ನ ಕಡೆ ಎಳೆದುಕೊಂಡ. “ಅಕ್ಕ ತಂದು ಕೈಗಿಟ್ಟಳು ಅಂತ ತುಂಬಿಸಿದೆ. ನನಗೆ ಅಷ್ಟೇನೂ ಆಸೆ ಇಲ್ಲ. ನೀವು ಬೇಡ ಅನ್ನಿ, ಈಗಲೇ ಹರಿದು ಹಾಕ್ತೀನಿ.”

ಬೇಡ ಅನ್ನಿ. ಎರಡೇ ಮಾತು. ಮೇಡಂ ಬಾಯಿ ತೆರೆದೂ ಬಿಟ್ಟಳು.

ಕಾಲೇಜು ಒಂದು ಹಗಲು ಒಂದು ರಾತ್ರಿಯ ದಾರಿ. ಮೂರು ವರ್ಷ ಅಲ್ಲೇ ಹಾಸ್ಟೆಲ್. ಮೂವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ಇವನಿಗೆ ಬರುವ ತಿಂಗಳು ಮೂವತ್ತು. ಇವತ್ತು ಬಿಟ್ಟರೆ ಜನ್ಮಕ್ಕೆ ಬಿಟ್ಟ ಹಾಗೆ. ಅವಳು ಸುಮ್ಮನೆ ಅರ್ಜಿಯ ಜೊತೆಗಿದ್ದ ಅವನ ಫೈಲು ತಿರುವಿದಳು. ಕಾಲೇಜಿಗೆ ಕಳಿಸಬೇಕಾದ ಕುರ್ಚಿಗಳ ಚಿತ್ರಗಳು. ಒಂದರ ಕೈಯ ಕೆಳಗೆ ಸಣ್ಣ ಸಣ್ಣ ಗೀರುಗಳಿದ್ದವು.

“ಇದೇನಿದು?”

“ನಮ್ಮ ಓದಿನ ಕೂಟಕ್ಕೆ ಬರೋರು ತಮ್ಮ ಕುರ್ಚಿ ಯಾವುದು ಅಂತ ತಡಕಾಡ್ತಿದ್ರಲ್ಲ. ಬೆರಳಾಡಿಸಿದ್ರೆ ಗೊತ್ತಾಗ್ಲಿ ಅಂತ ಒಂದೊಂದಕ್ಕೂ ಬೇರೆ ಬೇರೆ ಗೀರು ಹಾಕಿದೆ. ಕೂರೋವಾಗ ಸೊಂಟಕ್ಕೆ ತಗುಲದ ಹಾಗೆ ಅಂಚು ಇಳಿಸಿದೀನಿ. ಇನ್ನೂ ಸರಿಯಾಗಿಲ್ಲ. ಮರ ಬಗ್ಗಿಸೋದು ನನಗೆ ಬರಲ್ಲ, ಅಲ್ಲಿ ಕಲಿಸ್ತಾರಂತೆ...”

ಮೌನಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಆಸೆ ಇಲ್ಲವಂತೆ ಆಸೆ. ಅವಳ ಕಣ್ಣು ತುಂಬಿತು. ಹಾಳಾದ್ದು, ಈ ಚಿತ್ರ ನೋಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ನೋಡಿದ ಮೇಲೆ ಬೇಡ ಅನ್ನಲು ಅವಳಿಂದಾಗಲಿಲ್ಲ.

“ಪೆನ್ನು ಕೊಡಿ,” ಎಂದಳು.

“ಮೇಡಂ...”

“ಕೊಡಿ ಅಂದ್ನಲ್ಲ.”

ಬರೆಯತೊಡಗಿದಳು. ಕಣ್ಣು ಕಾಣದವರಿಗೆ ಎಂಟು ತಿಂಗಳು ಓದಿ ಹೇಳಿದರು, ಅವರಿಗಾಗಿ ಕುರ್ಚಿ ರೂಪಿಸಿದರು. ನಾಟಕಕ್ಕೆ ಮಡಚುವ ಮೆಟ್ಟಿಲು ಮಾಡಿಕೊಟ್ಟರು. ಹಾಡಿನ ತಂಡದ ಹಿಂದಿನ ಸಾಲಿನವರೂ ಕಾಣಲೆಂದು ಹಂತದ ಬೆಂಚು ಕಟ್ಟಿದರು. ಚೆಸ್‌ನಲ್ಲಿ ಅಷ್ಟೂ ಸೋತವರು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಒಂದಕ್ಷರವೂ ಸುಳ್ಳಿರಲಿಲ್ಲ, ಒರೆಸಿ ಮುಂದಿಡುವ ಅಗತ್ಯವೇ ಬೀಳಲಿಲ್ಲ. ಅವಳ ಜೀವಮಾನದಲ್ಲೇ ಇಷ್ಟು ಚೆನ್ನಾದ ಅರ್ಜಿ ಅವಳು ಬರೆದಿರಲಿಲ್ಲ, ಮತ್ತು ಇಷ್ಟು ಸಂಕಟಪಟ್ಟೂ ಬರೆದಿರಲಿಲ್ಲ.

ಚರ್ಚಾಕೂಟದ ಸಾಲಿಗೆ ಬಂದಾಗ ಪೆನ್ನು ನಿಂತಿತು.

“ಈ ಕೂಟ ನಡೀಬೇಕಾದ್ರೆ ಐದು ಜನ ಇರಬೇಕಿತ್ತು ಗೊತ್ತಾ? ನಿಮ್ಮನ್ನೂ ಸೇರಿಸಿ ಇದ್ದದ್ದು ನಾಲ್ಕೇ. ಮುಚ್ಚಿ ಅಂತ ಆರ್ಡರ್ ಬಂದಿತ್ತು. ನಮ್ಮಮ್ಮನ ಹೆಸರು ಬರೆದು ಐದು ಮಾಡಿದೆ.”

“ಅಮ್ಮನ ಹೆಸರಾ?”

“ಮನೇಲಿ ದಿನಾ ಚರ್ಚೆ ಮಾಡ್ತಾರಲ್ಲ, ಪೂರ್ತಿ ಸುಳ್ಳೇನಲ್ಲ.”

“ಯಾಕೆ ಮೇಡಂ? ನಾನಲ್ಲಿ ಏಳು ತಿಂಗಳಲ್ಲಿ ಮಾತಾಡಿದ್ದು ನಾಲ್ಕು ನಿಮಿಷ.”

“ಆ ನಾಲ್ಕು ನಿಮಿಷಕ್ಕೇ,” ಎಂದಳು ಅವಳು.

ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು. ಇಬ್ಬರೂ ಒಟ್ಟಿಗೇ ಗಡಿಯಾರ ನೋಡಿದರು. ನಾಲ್ಕೂಮುಕ್ಕಾಲು.

“ನಾನು ಹೋಗಲ್ಲ,” ಎಂದ ಅವನು. “ಈಗ ಹೇಗೆ ಹೋಗಲಿ?”

“ಹೋಗ್ದಿದ್ರೆ ನಾಳೆ ನಿಮ್ಮ ಮುಖ ನಾನು ಹೇಗೆ ನೋಡಲಿ? ಆ ಕುರ್ಚಿ ನೋಡಿದಾಗೆಲ್ಲ ನನ್ನಿಂದ ಇದು ಅರ್ಧಕ್ಕೇ ನಿಂತಿತು ಅನ್ಸುತ್ತೆ. ಅದು ನನಗೆ ಬೇಡ.” ಅವಳು ಕಣ್ಣೊರೆಸಿಕೊಂಡಳು. “ಕಳಿಸೋಕೂ ಆಗ್ತಿಲ್ಲ. ಏನ್ ಮಾಡ್ಲಿ ಹೇಳಿ.”

ಅವನು ಮೇಜಿನ ಮೇಲೆ ಅವಳ ಕೈಯ ಪಕ್ಕಕ್ಕೆ ತನ್ನ ಕೈ ತಂದಿಟ್ಟ. ಕಿರುಬೆರಳಿಗೆ ಕಿರುಬೆರಳು ತಗುಲಿತು. ಇಬ್ಬರೂ ತೆಗೆಯಲಿಲ್ಲ.

ಇನ್ನೊಂದೇ ಸಾಲು ಉಳಿದಿತ್ತು, ಸಹಿಯ ಮೇಲುಗಡೆ. ಅವಳು ಅದನ್ನು ಈವರೆಗೆ ನೂರಾರು ಫಾರ್ಮುಗಳಲ್ಲಿ ಯೋಚಿಸದೇ ತುಂಬಿಸಿದ್ದಳು. ಅರ್ಜಿದಾರರಿಗೂ ದೃಢೀಕರಿಸುವವರಿಗೂ ಇರುವ ಸಂಬಂಧ. ಕೆಳಗೆ ಸಣ್ಣಕ್ಷರದಲ್ಲಿ: ಮನೆಯವರ, ನೆಂಟರ ಸಹಿ ಸ್ವೀಕರಿಸಲಾಗುವುದಿಲ್ಲ.

ಅವಳು ಪೆನ್ನು ಕಾಗದಕ್ಕೆ ತಾಗಿಸಿದಳು. ಶಾಯಿ ಒಂದು ಚುಕ್ಕೆಯಾಗಿ ನಿಂತಿತು.

“ಏನೂ ಇಲ್ಲ ಅಂತ ಬರೀಬೇಕು,” ಎಂದಳು. “ಇಲ್ಲಾಂದ್ರೆ ತಗೊಳ್ಳಲ್ಲ.”

ಅವನು ಆ ಸಾಲು ಓದಿದ. ಎರಡು ಸಲ ಓದಿದ.

“ಬರೀರಿ.”

“ನನ್ನ ಕೈಯಾರೆ?”

“ಬರೀರಿ ಮೇಡಂ. ಹೊತ್ತಾಯ್ತು.”

‘ಯಾವ ಸಂಬಂಧವೂ ಇಲ್ಲ’ ಎಂದು ಅವಳು ಬರೆದಳು. ಅಕ್ಷರ ಸೊಟ್ಟಗಾಯಿತು. ಸಹಿ ಹಾಕಿದಳು, ಸೀಲು ಒತ್ತಿದಳು, ಪುಟವನ್ನು ಅವನ ಕಡೆ ತಳ್ಳಿ ಮುಖ ತಿರುಗಿಸಿಕೊಂಡಳು.

ಅವನು ಪುಟವನ್ನು ಮತ್ತೆ ಅವಳ ಮುಂದಿಟ್ಟ.

“ತಾರೀಖು ಹಾಕಿ.”

“ಏನು?”

“ಇವತ್ತಿನ ತಾರೀಖು ಹಾಕಿ. ಆ ಮಾತು ಇವತ್ತಿಗಷ್ಟೇ ಅಂತ ನಮ್ಮಿಬ್ಬರಿಗಾದ್ರೂ ಗೊತ್ತಿರಲಿ.”