ನೀಲಿ ಬೋಟಿನ ತೂತು

ನಮ್ಮೂರ ಹೊಳೆಯಲ್ಲಿ ನಾನು ದೋಣಿ ಇಳಿಸಿದ್ರೆ ಮೀನುಗಳು ಎದ್ದು ನಿಂತು ದಾರಿ ಬಿಡ್ತಿದ್ವು. ಒಂದ್ಸಲ ಒಂದು ಮೊಸಳೆ ದೋಣಿಗೆ ತೂತು ಮಾಡಿ ಓಡಿತು. ನಾನು ಬೆನ್ನಟ್ಟಿ ಹಿಡಿದು, ಅದರ ಬಾಲವನ್ನೇ ತೂತಿಗೆ ತುರುಕಿ ಮನೆಗೆ ಬಂದೆ.

ಬರೋಡಾದ ಫತೇಗಂಜ್‌ನಲ್ಲಿ, ನಮ್ಮ ಉಡುಪಿ ಹೋಟ್ಲಿನ ದೋಸೆ ಕಾವಲಿ ಹಿಂದೆ ನಿಂತು ದಿನಾ ಇಂಥದ್ದು ಹೇಳ್ತಿದ್ದೆ. ಕಾಲೇಜಿನವರು ದೋಸೆ ತಣ್ಣಗಾಗುವವರೆಗೆ ಕೇಳ್ತಿದ್ರು. ಗುಜರಾತಿಗಳಿಗೆ ಒಂದು ನಂಬಿಕೆ, ಉಡುಪಿಯವ ಅಂದ್ರೆ ಸಮುದ್ರದಲ್ಲೇ ಹುಟ್ಟಿದವ ಅಂತ. ನಾನ್ಯಾಕೆ ಅಲ್ಲ ಅನ್ಲಿ?

ಆ ಗುಂಪಲ್ಲಿ ಕನ್ನಡದಲ್ಲಿ ನಗುವವಳು ಒಬ್ಬಳೇ, ಮೇದಿನಿ. ನಗುವಿಗೆ ಭಾಷೆ ಉಂಟಾ ಅಂತ ಕೇಳ್ಬೇಡಿ. ಉಂಟು. ಹುಬ್ಬಳ್ಳಿ ಕಡೆಯವಳು, ಅಪ್ಪ ರೈಲ್ವೆ ಗಾರ್ಡ್. ಒಂದು ಸಾದಾ ದೋಸೆ ತಗೊಂಡು ಮೂಲೆ ಟೇಬಲಿನಲ್ಲಿ ಕೂತು, ಚೂರು ಚೂರು ಮುರಿದು, ನನ್ನ ಬಾಯನ್ನೇ ನೋಡ್ತಿದ್ದಳು.

"ಮುಂದ ಆ ಮೊಸಳಿ ಏನ್ ಮಾಡ್ತ್ರಿ ಬಾಲಚಂದ್ರ?"

"ಎಂತ ಮಾಡುದು, ಬಾಲ ಬಿಡು ಮಾರಾಯ ಅಂತ ಕಾಲಿಗೆ ಬಿತ್ತು."

ಅವಳು ನಕ್ಕರೆ ಬಲಗೆನ್ನೆಯಲ್ಲಿ ಒಂದು ಗುಳಿ ಬೀಳ್ತಿತ್ತು. ಅದನ್ನು ನೋಡ್ತಾ ನಾನು ಸುಟ್ಟ ದೋಸೆಗಳನ್ನು ಸಾಲಾಗಿ ಹಾಸಿದ್ರೆ ಸೂರತ್ ಮುಟ್ಟುತ್ತೆ.

ಒಂದು ಮಧ್ಯಾಹ್ನ ಅವಳು ನಗಲಿಲ್ಲ. ಕಾವಲಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ನೀವು ದೋಣಿ ತೂತು ಮುಚ್ತೀರಲ್ಲಾ, ನಂದೊಂದು ಮುಚ್ಚಿ ಕೊಡ್ರಿ."

ಅವಳು ಬೋಟ್ ಕ್ಲಬ್ಬಿನಲ್ಲಿದ್ದಳು. ಊರ ಹೊರಗೊಂದು ತಲಾವ್, ಅಂದ್ರೆ ಕೆರೆ, ಅದರ ದಡದಲ್ಲಿ ತಗಡಿನ ಶೆಡ್, ಒಳಗೆ ನೀಲಿ ಪ್ಲಾಸ್ಟಿಕ್ ಬೋಟುಗಳು. ಕೆನೂ ಅಂತಾರಂತೆ, ಇಬ್ಬರು ಕೂರುವಂಥದ್ದು. ತಾರಸಿ ಮೇಲಿನ ನೀರಿನ ಟ್ಯಾಂಕ್ ಮಾಡ್ತಾರಲ್ಲ, ಅದೇ ಥರದ ಪ್ಲಾಸ್ಟಿಕ್ಕು. ಎರಡು ಕಡೆ ಹಿಡಿದು ಎತ್ತಿಯೇ ಒಯ್ಯಬೇಕು, ಎಳೆದವರನ್ನು ಕ್ಲಬ್ಬಿಂದ ತೆಗೀತೀನಿ ಅಂತ ಅವರ ಸರ್ ಹೇಳಿದ್ರು. ಅವಳಿಗೆ ಯಾರೂ ಇನ್ನೊಂದು ಕಡೆ ಹಿಡೀಲಿಲ್ಲ. ಒಬ್ಬಳೇ ಮೆಟ್ಟಿಲ ಮೇಲೆ ಎಳೆದಳು. ಮೆಟ್ಟಿಲಲ್ಲಿ ಎದ್ದಿದ್ದ ಕಬ್ಬಿಣದ ಸರಳು ಅಡಿಯಲ್ಲಿ ತೂತು ಮಾಡಿತು.

"ರವಿವಾರ ಸರ್ ಎಲ್ಲಾ ಬೋಟ್ ನೋಡ್ತಾರ. ಅಲ್ಲಿರೂ ಹುಡುಗಿ ನಾನೊಬ್ಬಾಕೀನ. ನನ್ನ ತಗದ್ರ ಮತ್ತ ಯಾವ ಹುಡುಗೀನೂ ಸೇರಿಸ್ಕೊಳ್ಳೂದಿಲ್ಲ."

"ಅಷ್ಟೇಯಾ? ನಾನಿದ್ದೇನಲ್ಲ," ಅಂದೆ. ಬಾಯಿ ನನಗಿಂತ ಮೊದಲೇ ಅಂದುಬಿಡ್ತು.

ಹಾರ್ಡ್‌ವೇರ್ ಅಂಗಡಿಯಿಂದ, ಪೈಪ್ ಸೋರಿದ್ರೆ ಕಲಸಿ ಹಚ್ಚುವ ಪುಟ್ಟಿ ತಂದೆ. ತೂತಿಗೆ ಒತ್ತಿ, ಹೆಬ್ಬೆರಳಲ್ಲಿ ಸವರಿ, ಪಾಲಿಶ್ ಕೂಡ ಮಾಡಿದೆ. ಮರುದಿನ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಮೊದಲು ನೀವ ಕೂಡ್ರಿ. ನೀವು ಹೊಳಿ ಮಂದಿ," ಅಂದಳು ಮೇದಿನಿ. ಕೇಸರಿ ಲೈಫ್ ಜಾಕೆಟ್ ಕೊಡಲಿಕ್ಕೆ ಬಂದಳು.

"ಜಾಕೆಟ್ಟಾ? ನಮ್ಮೂರಲ್ಲಿ ಅದನ್ನು ಬೆಕ್ಕಿಗೆ ಹಾಕುದು," ಅಂದೆ.

ಅವಳು ನೀರಿಗಿಳಿದು ಬೋಟನ್ನು ತಳ್ಳಿಕೊಂಡು ಜೊತೆಗೇ ನಡೆದಳು. ದಡ ಸ್ವಲ್ಪ ದೂರ ಹೋಯ್ತು. ಪುಟ್ಟಿ ಹಪ್ಪಳದ ಹಾಗೆ ಎದ್ದು ಕಳಚಿ ಬಿತ್ತು. ತಣ್ಣಗೆ ನೀರು ಕುಂಡೆಗೆ ತಾಗಿತು.

ಆಮೇಲೆ ನಾನು ಕೂಗಿದ್ದು ಅಹಮದಾಬಾದಿನ ಮಣಿನಗರ ಸ್ಟೇಷನ್ನಿಗೆ ಕೇಳಿ ಅಲ್ಲಿ ರೈಲು ನಿಂತಿರಬೇಕು. ಬೋಟ್ ಮಗುಚಿತು. ನಾನು "ಅಮ್ಮಾ, ಮೊಸಳೆ" ಅಂತ ಮೇದಿನಿಯ ಕುತ್ತಿಗೆ ಅಪ್ಪಿ ಹಿಡಿದೆ.

"ನಿಂದರ್ರಿ," ಅಂದಳು ಅವಳು. "ಕಾಲು ಊರ್ರಿ. ನೀರು ಟೊಂಕದ ಮಟಾನೂ ಇಲ್ಲ."

ಕಾಲೂರಿದೆ. ಹೌದು, ಸೊಂಟಕ್ಕಿಂತ ಕೆಳಗೆ. ದಡದಲ್ಲಿ ಎಮ್ಮೆ ತೊಳೀತಿದ್ದವ ಎಮ್ಮೆಯನ್ನು ಹಿಡಿದುಕೊಂಡು ನಗ್ತಿದ್ದ. ಎಮ್ಮೆಯೂ ನನ್ನನ್ನೇ ನೋಡಿತು.

"ಈಜು ಬರೂದಿಲ್ಲೇನ್ರಿ?"

"ಇಲ್ಲ."

"ದೋಣಿ?"

"ಬಸ್ಸಿನ ಕಿಟಕಿಯಿಂದ ನೋಡಿದ್ದು. ಸೇತುವೆ ದಾಟುವಾಗ. ಸಣ್ಣದಿರುವಾಗಲೇ ಹೋಟ್ಲಿಗೆ ಬಂದೆ ನಾನು."

ಅವಳು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು. ಬೋಟಿನ ನೀರು ಚೆಲ್ಲಿ, ಒಬ್ಬಳೇ ಹೆಗಲು ಕೊಟ್ಟು ಎತ್ತಲಿಕ್ಕೆ ನೋಡಿದಳು. ನಾನು ಇನ್ನೊಂದು ಕಡೆ ಹಿಡಿದೆ. ಶೆಡ್ಡಿಗೆ ಒಯ್ದು ಇಟ್ವಿ.

ಆಮೇಲೆ ನಾನು ಕಾವಲಿಯಿಂದ ತಲೆ ಎತ್ತಲಿಲ್ಲ. ಯಾರಾದ್ರೂ "ಅಣ್ಣಾ, ಮೊಸಳೆ ಕತೆ" ಅಂದ್ರೆ ಕಿವಿ ಕಾವಲಿಗಿಂತ ಬಿಸಿಯಾಗ್ತಿತ್ತು. ಮೂಲೆ ಟೇಬಲ್ ಖಾಲಿ. ಅವಳಿಗೆ ಸುಳ್ಳು ಹೇಳಿದ್ದು ಒಂದು ಬದಿ. ನನ್ನನ್ನು ನಂಬಿ ಅವಳು ಬೇರೆ ಯಾರನ್ನೂ ಕೇಳಿರಲಿಲ್ಲ, ಅದು ಇನ್ನೊಂದು ಬದಿ.

ಶನಿವಾರ ಹಿಟ್ಟಿನ ಪ್ಲಾಸ್ಟಿಕ್ ಡ್ರಮ್ ಒಡೀತು. ನಮ್ಮ ರುಬ್ಬುವ ಕಮಲಾಕ್ಷಕ್ಕ ದೋಸೆ ಮಗುಚುವ ಸಟ್ಟುಗ ಕೆಂಪಗೆ ಕಾಯಿಸಿ, ಡ್ರಮ್ಮಿನ ಮುಚ್ಚಳದಿಂದ ಒಂದು ಪಟ್ಟಿ ಕೊಯ್ದು, ಕರಗಿಸಿ ಒಡಕಿಗೆ ಎಳೆದಳು. ನಾನು ನೂರು ಸಲ ನೋಡಿದ ಕೆಲಸ.

"ಅಕ್ಕ, ಇದಕ್ಕೆ ಪುಟ್ಟಿ ಹಾಕಿದ್ರೆ?"

"ಪ್ಲಾಸ್ಟಿಕ್ಕಿಗೆ ಪುಟ್ಟಿ ಹಿಡೀತದಾ ಪೆದ್ದ? ದೊಡ್ಡ ದೋಣಿಯವ."

ಸಟ್ಟುಗ, ಸ್ಟೌ, ಮುಚ್ಚಳದ ತುಂಡು, ಒಂದು ಕಟ್ಟು ಅಕ್ಕಿ ಹಿಟ್ಟು ಹಿಡಿದುಕೊಂಡು ಓಡಿದೆ. ಶೆಡ್ಡಿನ ಬಾಗಿಲಲ್ಲಿ ಮೇದಿನಿ ಮೊಣಕಾಲಿಗೆ ಗಲ್ಲ ಇಟ್ಟು ಕೂತಿದ್ದಳು.

"ಬಂದ್ರೇನ್ ಹೊಳಿ ಮಂದಿ," ಅಂದಳು, ನನ್ನ ಕಡೆ ನೋಡದೆ.

"ನಂಗೆ ಬೋಟ್ ರಿಪೇರಿ ಬರುದಿಲ್ಲ. ಒಂದ್ಸಲ ನೋಡ್ಲಾ?"

ಅವಳು ಸರಿದು ಜಾಗ ಕೊಟ್ಟಳು.

ತೂತಿನ ಸುತ್ತ ಕೆರೆದು ಒರೆಸಿ ಒಣಗಿಸಿದೆ. ಮುಚ್ಚಳದ ತುಂಡು ಕರಗಿತು, ಕೂತಿತು, ಆರಿದ ಮೇಲೆ ಉಗುರು ಹಾಕಿದ್ರೆ ಎದ್ದುಬಂತು. ಬೋಟಿನ ಪ್ಲಾಸ್ಟಿಕ್ಕಿನ ಜಾತಿ ಬೇರೆ. ಮೇದಿನಿ ಬ್ಲೇಡ್ ತಗೊಂಡು ಸೀಟಿನ ಕೆಳಗೆ, ಯಾರಿಗೂ ಕಾಣದ ಅಂಚಿಂದ, ಬೋಟಿನದ್ದೇ ಒಂದು ಎಳೆ ಕೊಯ್ದು ಕೊಟ್ಟಳು. ಸಟ್ಟುಗ ಜಾಸ್ತಿ ಕಾದ್ರೆ ಹೊಗೆ, ಕಮ್ಮಿಯಾದ್ರೆ ಹಿಡೀಲಿಕ್ಕಿಲ್ಲ. ಬಿಸಿ ಎಷ್ಟು ಅಂತ ಕಾವಲಿಯವನಿಗೆ ಕೈಗೇ ಗೊತ್ತಾಗ್ತದೆ. ತೂತಿನ ಅಂಚು ಹೊಳೀಲಿಕ್ಕೆ ಶುರುವಾದಾಗ ಎಳೆ ಇಟ್ಟು ಒತ್ತಿದೆ, ಒಳಗಿಂದ ಒಂದ್ಸಲ, ಹೊರಗಿಂದ ಒಂದ್ಸಲ.

ತಳಕ್ಕೆ ಅಕ್ಕಿ ಹಿಟ್ಟು ಸವರಿ, ಬೋಟನ್ನು ಎರಡು ಬೆಂಚಿನ ಮೇಲಿಟ್ಟು ಒಳಗೆ ನೀರು ತುಂಬಿದ್ವಿ. ಸೋರಿದ್ರೆ ಹಿಟ್ಟು ಒದ್ದೆಯಾಗಿ ಚುಕ್ಕೆ ಬೀಳ್ಬೇಕು. ಅದನ್ನು ನೋಡ್ಲಿಕ್ಕೆ ಇಬ್ಬರೂ ಬೋಟಿನ ಕೆಳಗೆ ಅಂಗಾತ ಮಲಗಿದ್ವಿ. ಹಿಟ್ಟು ಅವಳ ರೆಪ್ಪೆ ಮೇಲೆ ಉದುರ್ತಿತ್ತು. ಅವಳ ಉಸಿರು ನನ್ನ ಕಿವಿಗೆ.

"ನನಗೊಂದು ನಾಚಿಕಿ ಐತ್ರಿ," ಅಂದಳು ಅವಳು, ಮೇಲೆ ನೋಡ್ತಾ.

"ಎಂತದು?"

"ನನಗ ದೋಸಿ ಸೇರೂದಿಲ್ಲ. ಸಣ್ಣಾಕಿ ಇದ್ದಾಗಿಂದನೂ."

ನಾನು ತಿರುಗಿದೆ. ಅವಳು ತಿರುಗಲಿಲ್ಲ, ಆದರೆ ಗುಳಿ ಬಿತ್ತು.

"ಮತ್ತೆ ದಿನಾ ಬರ್ತಿದ್ದಿರಿ?"

"ಚುಕ್ಕಿ ನೋಡ್ರಿ ಸುಮ್ನ."

ಚುಕ್ಕೆ ಬೀಳಲಿಲ್ಲ.

ಭಾನುವಾರ ಸರ್ ಬಂದು ಒಂದೊಂದೇ ಬೋಟಿನ ಅಡಿ ಸವರಿದ್ರು. ನೀಲಿ ಬೋಟಿನ ಹತ್ತಿರ ಕೈ ನಿಂತಿತು. ನನ್ನ ತೇಪೆ ಊತಪ್ಪದ ಹಾಗೆ ಉಬ್ಬಿತ್ತು. ಮೇದಿನಿ ಅವರು ಕೇಳುವ ಮೊದಲೇ ಹೇಳಿದಳು, "ನಾನೇ ಎಳೆದೆ ಸರ್." ಅವಳ ಮುಖ ಕೆಂಪಾಗಿತ್ತು. ಮರದ ಹಿಂದೆ ಅಡಗಿ ನೋಡ್ತಿದ್ದ ನನಗೆ ಅಲ್ಲೇ ನಿಲ್ಲಲಿಕ್ಕೆ ಆಗಲಿಲ್ಲ, ಮುಂದೆ ಬಂದು ತೇಪೆ ನಂದು ಅಂದೆ.

ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ್ರು. "ನೀನು ಬೋಟ್ ರಿಪೇರಿಯವನಾ?"

ನಾಲಗೆ ತುದಿಗೆ ಇಡೀ ಅರಬ್ಬಿ ಸಮುದ್ರ ಬಂತು. ನುಂಗಿದೆ.

"ಅಲ್ಲ ಸರ್. ದೋಸೆಯವ."

"ಹಾಗಾದ್ರೆ ನೀನೇ ಕೂತ್ಕೋ. ಇವಳ ಜೊತೆ ಆ ದಡಕ್ಕೆ ಹೋಗಿ ಬಾ. ಒಳಗೆ ನೀರು ಬರದಿದ್ರೆ ಹುಡುಗಿ ಇರ್ತಾಳೆ. ಬಂದ್ರೆ ಇಲ್ಲ."

ಈ ಸಲ ಜಾಕೆಟ್ಟನ್ನು ನಾನೇ ಕೇಳಿ ಹಾಕ್ಕೊಂಡೆ. ಇಡ್ಲಿ ಹಾಗೆ ಊದಿಕೊಂಡು ಮುಂದೆ ಕೂತೆ. ಎಮ್ಮೆಯವ ಇವತ್ತೂ ಬಂದಿದ್ದ. ಹಿಂದೆ ಮೇದಿನಿ ಹುಟ್ಟು ಹಾಕಿದಳು. ನಾನು ಹೆಬ್ಬೆರಳನ್ನು ತೇಪೆ ಮೇಲೆ ಒತ್ತಿ ಹಿಡಿದು ಕಣ್ಣು ಮುಚ್ಚಿದೆ.

"ಒಂದು ಕತಿ ಹೇಳ್ರಿ."

"ಇನ್ನು ಸುಳ್ಳು ಬೇಡ ಮಾರಾಯ್ತಿ."

"ಬಸ್ಸಿನ ಕಿಟಕಿದು ಹೇಳ್ರಿ."

ಹೇಳಿದೆ. ಸೇತುವೆ, ಕೆಳಗೆ ಕಪ್ಪು ದೋಣಿ, ಅದರಲ್ಲಿದ್ದವ ನನಗೆ ಕೈ ಬೀಸಿದ್ದು, ನಾನು ಬೀಸುವಷ್ಟರಲ್ಲಿ ಬಸ್ಸು ದಾಟಿದ್ದು. ಕಣ್ಣು ಬಿಟ್ಟಾಗ ಆಚೆ ದಡ ಮುಟ್ಟಿ ತಿರುಗಿ ಬರ್ತಿದ್ವಿ. ಹೆಬ್ಬೆರಳು ಒಣಗಿಯೇ ಇತ್ತು. ದಡದಲ್ಲಿ ಸರ್ ಅವಳ ಹೆಸರು ಹೊಡೆದುಹಾಕದೆ ಪೆನ್ನು ಜೇಬಿಗೆ ಸಿಕ್ಕಿಸಿ ಬೇರೆ ಬೋಟಿನ ಕಡೆ ಹೋಗಿಯಾಗಿತ್ತು.

"ಮೇದಿನಿ, ದೋಸೆ ಸೇರುದಿಲ್ಲ ಅಂದ್ರೆ ನಾನು ನಿಮಗೆ ಎಂತ ಮಾಡಿ ಹಾಕ್ಲಿ? ದಿನಾ ಮಾಡಿ ಹಾಕುದರ ಬಗ್ಗೆ ಕೇಳ್ತಿದ್ದೇನೆ, ಒಂದಿನದ್ದಲ್ಲ."

ಹುಟ್ಟು ನಿಂತಿತು.

"ಜ್ವಾಳದ ರೊಟ್ಟಿ ಬಡಿಯಾಕ ಬರ್ತದೇನ್ರಿ?"

ಹಿಂದಿನ ಬಾಲಚಂದ್ರನಾಗಿದ್ರೆ ಒಂದೇ ಏಟಿಗೆ ಚಂದ್ರನಷ್ಟಗಲ ಬಡೀತಿದ್ದ.

"ಬರುದಿಲ್ಲ," ಅಂದೆ.

"ಕಲಿಸ್ತೀನಿ," ಅಂದಳು. "ಮೊದಲು ಈಜು."